ತಾಯಿ ಚಿಟ್ಟೆಯ ಸರ್ಟಿಫಿಕೇಟು

ಮೊನ್ನೆ ನನ್ನ ಉಗುಳು ಪ್ರಯೋಗಾಲಯಕ್ಕೆ ಹೋಗಿ ಲಕೋಟೆಯಾಗಿ ಹಿಂತಿರುಗಿತು. ಶ್ವಾಸಕೋಶದ ಕ್ಯಾನ್ಸರಿಗೆ ಒಲಿಯುವ ವಂಶಗುಣ ನನ್ನಲ್ಲಿ ಕಂಡುಬಂದಿಲ್ಲವಂತೆ. ಪೂರ್ತಿ ಓದುವ ಮೊದಲೇ ಕೈ ಜೇಬಿನ ಸಿಗರೇಟಿಗೆ ಹೋಯಿತು. ಹೀಗೆ ಹೋಗುವ ಕೈ ಮಾತ್ರ ನಮ್ಮ ವಂಶದ್ದೇ. ಅದಕ್ಕೆ ಪರೀಕ್ಷೆ ಬೇಕಿಲ್ಲ ಸ್ವಾಮಿ.

ತೂಬಗೆರೆಯ ನನ್ನ ಚಿಕ್ಕಪ್ಪ ರೇಷ್ಮೆಹುಳು ಸಾಕುತ್ತಿದ್ದರು, ಬೀಡಿ ಚಟವನ್ನೂ ಸಾಕುತ್ತಿದ್ದರು. ಎರಡೂ ಒಂದೇ ಸೂರಿನಡಿ ಬಾಳುವಂತಿರಲಿಲ್ಲ: ಹೊಗೆಸೊಪ್ಪಿನ ಗಾಳಿ ಸೋಕಿದರೆ ಹುಳು ಉಳಿಯದು. ಆದ್ದರಿಂದ ಅವರ ಧೂಮಯಜ್ಞ ದೂರದ ಹುಣಸೆಮರದ ಕೆಳಗೆ. ರಜಕ್ಕೆ ಬಂದಾಗ, ಮೇಷ್ಟರಾಗಿದ್ದ ನಾನು ಸಹಾಯಕ ಪುರೋಹಿತ.

ತೊಂಬತ್ತರ ದಶಕದ ಒಂದು ಬೆಳಿಗ್ಗೆ ಜಗುಲಿಯ ಮೇಲೆ ಪತ್ರಿಕೆ ಓದಿ ಹೇಳಿದೆ: ಮುಂದೆ ರಕ್ತ ನೋಡಿಯೇ ಯಾರಿಗೆ ಕ್ಯಾನ್ಸರ್ ಬಂದೀತೆಂದು ಹೇಳಿಬಿಡುತ್ತಾರಂತೆ.

"ಅಯ್ಯೋ, ನಮ್ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಇದು ಯಾವತ್ತಿಂದ್ಲೋ ಐತೆ ಕಣೋ!" ಎಂದರು ಚಿಕ್ಕಪ್ಪ. "ತಾಯಿ ಚಿಟ್ಟೆನ ಅರೆದು ಮೈಕ್ರೋಸ್ಕೋಪಲ್ಲಿ ನೋಡ್ತಾರೆ. ರೋಗ ಇಲ್ದಿದ್ರೆ ಅದರ ಮೊಟ್ಟೆಗೆ ಸರ್ಟಿಫಿಕೇಟು. ನಮ್ಮವ್ವ ಎಂಬತ್ತಾದ್ರೂ ಗುಂಡುಕಲ್ಲು. ಅಂದ್ಮೇಲೆ ನಾನು ರೋಗರಹಿತ ಮೊಟ್ಟೆ!" ಎಂದು ಕೆಮ್ಮಿದರು.

ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೊತ್ತು ಬಂದ ಚಿಕ್ಕಮ್ಮ ನಿಂತರು. "ಹಂಗಾರೆ ನಿಮ್ಮವ್ವನ್ನ ಯಾವಾಗ ಅರೀತೀರಿ?"

ಒಳಗಿಂದ ಅಜ್ಜಿ ಕೂಗಿದರು: "ಮೊದ್ಲು ಆ ಮೊಟ್ಟೆನೇ ಅರೀ ಕಣಮ್ಮಿ!"

ಆದರೆ ಸರ್ಟಿಫಿಕೇಟು ಚಿಕ್ಕಪ್ಪನ ತಲೆಗೇರಿಬಿಟ್ಟಿತ್ತು. ಮಳೆ ಬಂದ ದಿನ, ಹುಣಸೆಮರದವರೆಗೆ ನೆನೆಯುವುದೇಕೆಂದು ಹುಳುಮನೆಯ ಕಿಟಕಿಯ ಪಕ್ಕದಲ್ಲೇ ಬೀಡಿ ಹಚ್ಚಿದರು. "ಒಳಗಿರೋವೂ ಸರ್ಟಿಫಿಕೇಟ್ ಹುಳಾನೇ, ಬಾರೋ." ನಾನೂ ಹೋದೆ. ಅದೇ ಕೈಯಲ್ಲಿ ಇಬ್ಬರೂ ಹುಳುಗಳಿಗೆ ಸೊಪ್ಪು ಹಾಕಿದೆವು.

ಮರುದಿನ, ಗೂಡು ಕಟ್ಟಲು ನಾಲ್ಕೇ ದಿನವಿದ್ದ ಹುಳುಗಳು ಹಸಿರು ಕಕ್ಕಿ ತಟ್ಟೆ ತಟ್ಟೆಯೇ ಮಲಗಿದವು.

ಚಿಕ್ಕಮ್ಮ ಬೈಯಲಿಲ್ಲ. ಮೊಟ್ಟೆಯ ಜೊತೆ ಬಂದಿದ್ದ ಸರ್ಟಿಫಿಕೇಟು ಚೀಟಿಯನ್ನು ಗಂಡನ ಕೈಗಿಟ್ಟರು. "ತೋರ್ಸಿ ಇವಕ್ಕೆ. ಎದ್ದೇಳ್ತಾವೇನೋ ನೋಡಾನ."

ಚಿಕ್ಕಪ್ಪ ಚೀಟಿಯನ್ನೊಮ್ಮೆ ಓದಿ ನನ್ನ ಕಡೆ ತಿರುಗಿದರು. "ತಾಯಿ ಚೆನ್ನಾಗೇ ಇತ್ತು ಕಣೋ," ಎಂದರು. "ಹೊಗೆ ನಂದು."

ಆ ಸಂಜೆ ಹುಳುಗಳ ಜೊತೆಗೆ ಬೀಡಿಕಟ್ಟೂ ಗುಂಡಿ ಸೇರಿತು. ಚಿಕ್ಕಪ್ಪ ಮತ್ತೆಂದೂ ಹಚ್ಚಲಿಲ್ಲ. ಸಹಾಯಕ ಪುರೋಹಿತ ಮಾತ್ರ ಇಷ್ಟು ವರ್ಷ ಯಜ್ಞವನ್ನು ಕೆಡದಂತೆ ನೋಡಿಕೊಂಡ.

ಈಗ ಲಕೋಟೆಯ ಕಾಗದವನ್ನು ಬಿಡಿಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಎದೆಗೆ ಹಿಡಿದು ತೋರಿಸಿದೆ.

ಎದೆ ಅದನ್ನು ಓದಲಿಲ್ಲ. ಕೆಮ್ಮಿತು.

ಜೇಬಿನ ಸಿಗರೇಟು ಪ್ಯಾಕು ಹಿಡಿದು ಹಿತ್ತಲಿಗೆ ಹೋಗಿ ಒಂದು ಸಣ್ಣ ಗುಂಡಿ ತೋಡಿದೆ.