ತಾಯಿಫಿನಲ್ಲಿ ಗಟ್ಟಿಮೇಳ

ನಮ್ಮ ಕೊರಗಪ್ಪನಿಗೆ ಸುಮ್ಮನಿರುವುದೊಂದು ಬಿಟ್ಟು ಉಳಿದೆಲ್ಲ ಬರುತ್ತಿತ್ತು. ಸೌದಿಯ ತಾಯಿಫಿನ ಆಸ್ಪತ್ರೆಯಲ್ಲಿ ಅವನು ಬಟ್ಟೆ ಒಗೆಯುವವನು, ನಾನು ಉಮ್ಮರಬ್ಬ, ಬಸ್ಸಿನ ಡ್ರೈವರ್. ಇಬ್ಬರಿಗೂ ಒಂದೇ ಕೋಣೆ. ಉಡುಪಿ ಕಡೆಯ ಮದುವೆಗಳಲ್ಲಿ ಕ್ಲಾರಿನೆಟ್ ಊದಿಕೊಂಡಿದ್ದವನು, ವಾದ್ಯವನ್ನು ಲುಂಗಿಯಲ್ಲಿ ಸುತ್ತಿ ತಂದು ಪೆಟ್ಟಿಗೆಯ ಅಡಿಗೆ ಹಾಕಿಬಿಟ್ಟಿದ್ದ.

ಎಂಬತ್ತಾರನೇ ಇಸವಿಯಲ್ಲಿ ಅದನ್ನು ಹೊರಗೆ ತೆಗೆಸಿದವರು ಜರ್ಮನಿಯ ಡಾಕ್ಟರ್ ಹೆಲ್ಗಾ. ಅವರ ಮುತ್ತಜ್ಜಿಯ ಸಾಮಾನಿನಲ್ಲಿ, ನೂರು ವರ್ಷದಿಂದ ಯಾರೂ ನುಡಿಸದ ಸಂಗೀತವೊಂದು ಸಿಕ್ಕಿತ್ತಂತೆ. ಪಿಯಾನೊ, ಕೊಳಲು, ಕ್ಲಾರಿನೆಟ್ ಮೂರಕ್ಕೂ ಸೇರಿಸಿ ಬರೆದದ್ದು. ಪಿಯಾನೊಗೆ ಅವರು, ಕೊಳಲಿಗೆ ಅವರ ಗಂಡ. ಕ್ಲಾರಿನೆಟ್‌ಗೆ ಜನ ಇರಲಿಲ್ಲ. "ನಮ್ಮವನೊಬ್ಬ ಇದ್ದಾನೆ ಮೇಡಂ" ಎಂದು ಬಾಯಿ ಹಾಕಿದವನು ನಾನೇ.

ಆ ಬರಹ ಓದಲು ಕೊರಗಪ್ಪನಿಗೆ ಬಾರದು. ಅವನ ಭಾಗವನ್ನು ಹೆಲ್ಗಾ ಪಿಯಾನೊದಲ್ಲಿ ನುಡಿಸಿದರೆ, ಕೇಳಿ ಕೇಳಿ ಊದುತ್ತಿದ್ದ. ನಡುವೆ ಮೂರೂ ವಾದ್ಯ ಒಟ್ಟಿಗೆ ಸುಮ್ಮನಾಗುವ ಜಾಗವೊಂದಿತ್ತು. ಅಲ್ಲಿಗೆ ಬಂದರೆ ಸಾಕು, ಪ್ರತಿ ಸಲವೂ ಇವನದು ಪೀಂ!

"ಅಲ್ಲಿ ಬಾಯಿ ಮುಚ್ಚಲಿಕ್ಕೆ ನಿನಗೆಂತ ಧಾಡಿ ಮಾರಾಯ?" ಎಂದು ಬೈದೆ.

"ತಾಳಿ ಕಟ್ಟುವಾಗ ವಾಲಗ ನಿಲ್ಲಿಸ್ತಾರಾ ಬ್ಯಾರಿ? ಯಾರಾದ್ರೂ ಸೀನಿದ್ರೆ, ಅತ್ತರೆ, ಮದುಮಗಳ ಕಿವಿಗೆ ಬೀಳಬಾರದು. ಎಲ್ಲ ಸುಮ್ಮನಾದ ಕೂಡಲೇ ನನ್ನ ಕೈ ಗಟ್ಟಿಮೇಳಕ್ಕೆ ಹೋಗ್ತದೆ." ಆಮೇಲೆ ಮೆಲ್ಲಗೆ ಹೇಳಿದ, "ವಾರಿಜಳ ಮದುವೆಗೆ ನಾನೇ ಊದ್ತೇನೆ ಅಂತ ಮಾತು ಕೊಟ್ಟಿದ್ದೆ. ಕಫೀಲ್ ಧಣಿ ರಜೆ ಇಲ್ಲ ಅಂದ."

ವಾರಿಜಾ ಅವನ ಒಬ್ಬಳೇ ಮಗಳು. ಬರುವ ಶುಕ್ರವಾರ ಮುಹೂರ್ತ. ಹೋಗಿ ಹೆಲ್ಗಾರಿಗೆ ಎಲ್ಲ ಹೇಳಿಬಿಟ್ಟೆ. "ಹಾಗಾದರೆ ಅದೇ ಹೊತ್ತಿಗೆ ನುಡಿಸೋಣ. ಆ ಜಾಗ ಅವನಿಗೆ" ಎಂದರು.

ಶುಕ್ರವಾರ ಬೆಳಿಗ್ಗೆ ಹೆಲ್ಗಾರ ಮನೆಯ ಕಿಟಕಿಯನ್ನು ಸದ್ದು ಹೊರಗೆ ಹೋಗದ ಹಾಗೆ ಮುಚ್ಚಿ ಮೂವರೂ ಕೂತರು. ಕೇಳಲು ನಾನೊಬ್ಬ. ಅಷ್ಟು ಕಾಲ ಮರೆತುಹೋಗಿದ್ದ ಆ ಸಂಗೀತ ಎಷ್ಟು ಮೆತ್ತಗಿತ್ತೆಂದರೆ, ಏನೂ ತಿಳಿಯದ ನನಗೂ ಊರಲ್ಲಿರುವ ಹೆತ್ತ ಉಮ್ಮನ ನೆನಪಾಯಿತು. ಆ ಜಾಗ ಬಂತು. ಎಲ್ಲ ನಿಂತಿತು. ಹೆಲ್ಗಾ ಕೊರಗಪ್ಪನ ಕಡೆ ತಿರುಗಿ ತಲೆಯಾಡಿಸಿದರು. ಅವನು ಕ್ಲಾರಿನೆಟ್ ತುಟಿಗಿಟ್ಟ. ಉಸಿರೇ ಹೊರಡಲಿಲ್ಲ.

ಅಲ್ಲಿ ಮಗಳು ತಲೆ ತಗ್ಗಿಸಿ ಕೂತಿದ್ದಾಳೆ, ಇಲ್ಲಿ ವಾಲಗ ನಿಂತಿದೆ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಭಟ್ಟರ ಹಾಗೆ ಕೈ ಎತ್ತಿ, "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿದೆ. ಹೆಲ್ಗಾ ಎರಡೂ ಕೈಯಿಂದ ಪಿಯಾನೊ ಬಡಿದರು. ಗಂಡ ಕೆನ್ನೆ ಉಬ್ಬಿಸಿ ಕೊಳಲು ಊದಿದರು.

ಕೊರಗಪ್ಪ ಬಿಕ್ಕಿ ಬಿಕ್ಕಿ ಅತ್ತ. ಆ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ.