ಡೀಸೆಲ್ ಕೈ, ಅತ್ತಿಹಣ್ಣು

ಮೀನು ಹಿಡಿಯುವ ಮಾತು ಬಂದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಆದರೆ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆ ವರ್ಷ ಸಾಲಾಗಿ ಮೂರು ಭಾನುವಾರ ಕಾಲುವೆಯ ಮೀನುಗಳು ನನ್ನ ಮಾನ ಕಳೆದವು.

ನಾನು ಪಾಪಿನಾಯಕನಹಳ್ಳಿ ಹತ್ತಿರದ ಗ್ಯಾರೇಜೊಂದರಲ್ಲಿ ಅದಿರು ಲಾರಿಗಳ ಮೆಕ್ಯಾನಿಕ್. ಮನೆ ಕಡ್ಡಿರಾಂಪುರದಲ್ಲಿ. ಹಿತ್ತಲು ದಾಟಿ ಬಾಳೆ ತೋಟದ ಬದುವಿನ ಮೇಲೆ ಇನ್ನೂರು ಹೆಜ್ಜೆ ಹಾಕಿದರೆ ಕಾಲುವೆ. ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಪ್ಲಾಸ್ಟರ್ ತೆಗೆದು ಎರಡು ತಿಂಗಳಾಗಿತ್ತು. ಮೂಳೆ ಕೂಡಿದೆ, ಇನ್ನು ನಡೆಯಲೇಬೇಕು, ಇಲ್ಲದಿದ್ದರೆ ಕಾಲು ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಅವಳೋ ಮಂಚ ಬಿಟ್ಟು ಏಳಲೊಲ್ಲಳು. ತಂದುಕೊಟ್ಟ ವಾಕರ್ ಮೇಲೆ ಟವೆಲ್ ಒಣಗುತ್ತಿತ್ತು. ಊಟವೂ ಎರಡೇ ತುತ್ತು. ನನಗೆ ಹೆದರಿಕೆಯಾಗಿತ್ತು, ಆ ಹೆದರಿಕೆ ಸಿಟ್ಟಾಗಿ ಹೊರಗೆ ಬರುತ್ತಿತ್ತು.

ಒಂದು ಸಂಜೆ, ಏನು ತಿನ್ನಬೇಕು ಅನಿಸುತ್ತದೆ ಹೇಳು ಎಂದು ಗದರಿದೆ. ಗೆಂಡೆ ಮೀನಿನ ಹುಳಿಸಾರು ಅಂದಳು. ಪೇಟೆಯ ಐಸ್ ಮೀನು ಬೇಡವಂತೆ, ಹರಿಯುವ ನೀರಿನದೇ ಆಗಬೇಕಂತೆ. ಅವಳ ತವರು ಕಂಪ್ಲಿಯ ಹೊಳೆದಂಡೆ, ಈ ವಿಷಯದಲ್ಲಿ ಅವಳ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ. ಇಷ್ಟೇನಾ, ಭಾನುವಾರ ತಂದೇ ಬಿಡುತ್ತೇನೆ ಎಂದು ಜಂಬ ಕೊಚ್ಚಿದೆ.

ಮೊದಲ ಭಾನುವಾರ ಎರೆಹುಳ ಕಟ್ಟಿದೆ. ಒಂದು ಏಡಿ ಬಂತು, ಅದೂ ದಡ ಹತ್ತುವ ಮೊದಲೇ ಬಿಟ್ಟು ಹೋಯಿತು. ಎರಡನೆಯ ಸಲ ಗ್ಯಾರೇಜಿನವರ ಸಲಹೆಯಂತೆ ಶೇಂಗಾ ಹಿಂಡಿಗೆ ಬೆಲ್ಲ ಕಲಸಿ ಉಂಡೆ ಮಾಡಿದೆ. ಒಬ್ಬನಂತೂ ಮಿರ್ಚಿ ಬಜ್ಜಿಯ ಮೇಲಿನ ಹಿಟ್ಟಿಗೆ ಮೀನು ಪ್ರಾಣ ಬಿಡುತ್ತದೆ ಎಂದು ಆಣೆ ಮಾಡಿದ್ದ. ಅದನ್ನೂ ನೋಡಿಯಾಯಿತು, ಉಳಿದ ಬಜ್ಜಿ ನಾನೇ ತಿಂದೆ. ಮೂರನೆಯ ಭಾನುವಾರ ಮಾವಿನ ಮರ ಹತ್ತಿ ಕೆಂಪಿರುವೆಯ ಎಲೆಗೂಡು ಇಳಿಸಿದೆ. ಅದರೊಳಗಿನ ಬಿಳಿ ಮೊಟ್ಟೆ ಮೀನಿಗೆ ಹಬ್ಬದೂಟ ಎಂದು ಕೇಳಿದ್ದೆ. ಇರುವೆಗಳು ಅಂಗಿಯೊಳಗೆ ಹೊಕ್ಕು ನನ್ನನ್ನು ಬದುವಿನ ಮೇಲೆ ಕುಣಿಸಿದವು. ನೀರು ತಿಳಿಯಾಗಿತ್ತು. ಗೆಂಡೆಗಳು ಗಾಳದ ಎರೆಯ ತನಕ ಬಂದು, ಮೂಸಿ, ತಿರುಗಿ ಹೋಗುವುದನ್ನು ಕಣ್ಣಾರೆ ಕಂಡೆ.

ಮನೆಗೆ ಬಂದು ಬಿದಿರು ಕೋಲನ್ನು ಮೂಲೆಗೆ ಎಸೆದೆ. ಅವ್ವ ಮಂಚದಿಂದಲೇ ಕರೆದಳು.

"ಕೈ ತಾ ಇಲ್ಲಿ."

ಎರಡೂ ಅಂಗೈ ಮೂಸಿದಳು. ಯಾವುದರಲ್ಲಿ ತೊಳೆಯುತ್ತಿ ಎಂದು ಕೇಳಿದಳು. ಗ್ರೀಸ್ ಹೋಗಲು ದಿನವೂ ಡೀಸೆಲ್, ಆಮೇಲೆ ಬಟ್ಟೆ ಸೋಪಿನ ಪುಡಿ, ಮೀನಿಗೆ ಹೋಗುವ ದಿನ ಮಾತ್ರ ವಾಸನೆ ಸೋಪು ಎಂದು ಹೆಮ್ಮೆಯಿಂದ ಹೇಳಿದೆ. ಅವ್ವ ನಕ್ಕಳು. ಬಿದ್ದ ದಿನದಿಂದ ಅವಳು ನಕ್ಕಿದ್ದು ಅದೇ ಮೊದಲು.

"ಈ ಕೈಲೆ ಬಂಗಾರ ಕಟ್ಟಿದ್ರೂ ಮೀನ ಮುಟ್ಟಂಗಿಲ್ಲ."

ತವರಿನಲ್ಲಿ ಕೋಲು ಹಿಡಿಯುವವರು ಬೇರೆ, ಎರೆ ಕಟ್ಟುವವರು ಬೇರೆಯಂತೆ. ಎರೆ ಕಟ್ಟುವ ಕೈಗೆ ಆ ದಿನ ಸೋಪಿಲ್ಲ, ಎಲೆಅಡಿಕೆಯಿಲ್ಲ, ಉಳ್ಳಾಗಡ್ಡಿ ಹೆಚ್ಚುವಂತಿಲ್ಲ. ದಂಡೆಯ ಕೆಸರಿನಲ್ಲಿ ಉಜ್ಜಿಕೊಂಡರೆ ಅದೇ ಸ್ನಾನ. ಮದುವೆಯಾಗುವ ತನಕ ಅವಳ ಅಪ್ಪನ ಗಾಳಕ್ಕೆ ಎರೆ ಕಟ್ಟಿದವಳು ಅವಳೇ.

ಮೂರು ವಾರದ ಸೋಲು ನನ್ನ ತಲೆಗೇರಿತ್ತು. "ಹಂಗಾದ್ರ ನೀನ ಬಂದು ಕಟ್ಟು," ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವ್ವ ಮಂಚದ ಅಂಚಿಗೆ ಸರಿದು ಕೂತಳು. ಆಮೇಲೆ, ಕಾಲುವೆ ದಂಡೆಯ ಅತ್ತಿಮರ ಹಣ್ಣು ಬಿಟ್ಟಿದೆಯಾ ಎಂದು ಕೇಳಿದಳು. ಬಿಟ್ಟಿದೆ ಅಂದೆ.

"ನನ್ನ ಚಪ್ಪಲಿ ಎಲ್ಲ್ಯಾವ ನೋಡು."

ಇನ್ನೂರು ಹೆಜ್ಜೆಗೆ ಅರ್ಧ ಗಂಟೆ ಹಿಡಿಯಿತು. ನನ್ನ ಹೆಗಲು ಹಿಡಿದು, ನಾಲ್ಕು ಕಡೆ ನಿಂತು, ಎರಡು ಸಲ ನನ್ನನ್ನು ಬೈದು ತಲುಪಿದಳು. ಮರದಡಿ ಕೂತು ಮೊಣಕೈವರೆಗೆ ಕೆಸರು ಬಳಿದುಕೊಂಡಳು. ಹಣ್ಣನ್ನು ಒಂದೊಂದೇ ಒತ್ತಿ ನೋಡಿದಳು. ಹಸಿರಾದರೆ ಗಟ್ಟಿ, ಪೂರ್ತಿ ಹಣ್ಣಾದರೆ ಗಾಳದಲ್ಲಿ ನಿಲ್ಲುವುದಿಲ್ಲ, ಆಗತಾನೇ ಕೆಂಪಾಗುತ್ತಿರುವುದೇ ಬೇಕು, ಒಳಗೆ ಹುಳ ಇದ್ದರೆ ಇನ್ನೂ ಒಳ್ಳೆಯದು. ತೊಟ್ಟಿನ ಕಡೆಯಿಂದ ಗಾಳ ತೂರಿಸಿದಳು. ದಾರಕ್ಕೆ ನಾನು ಕಟ್ಟಿದ್ದ ಸೀಸದ ಗುಂಡನ್ನು ಕಿತ್ತೆಸೆದಳು. ಮರದಿಂದ ತಾನಾಗಿ ಬಿದ್ದ ಹಾಗೆ ಹಣ್ಣು ಬೀಳಬೇಕು, ಆ ಸಪ್ಪಳ ಕೇಳಿಯೇ ಗೆಂಡೆ ಬರುತ್ತದೆ ಎಂದಳು.

ನಾನು ಕೋಲು ಬೀಸಿದೆ, ಹಣ್ಣು ಬುಳಕ್ ಎಂದು ನೀರಿಗೆ ಬಿತ್ತು. ನಾನು ಹತ್ತು ಎಣಿಸುವಷ್ಟರಲ್ಲಿ ದಾರ ಸರ್ರನೆ ಓಡಿತು. ನಾನು ಕೋಲು ಎತ್ತಲು ಹೋದೆ.

"ಎಳೀಬ್ಯಾಡ. ನುಂಗ್ಲಿ. ನುಂಗ್ಲಿ ಅಂದೆ. ಹಾಂ, ಈಗ ಎಳಿ."

ಮೊಳದುದ್ದದ ಗೆಂಡೆ! ದಡಕ್ಕೆ ಬಂದದ್ದೇ ಬಾಲದಿಂದ ನನ್ನ ಕೆನ್ನೆಗೆ ಬಾರಿಸಿತು. ನಾನು ಕೂಗಿದ ಕೂಗಿಗೆ ಬಾಳೆ ತೋಟದ ಆಳುಗಳು ಹಾವು ಕಚ್ಚಿತೆಂದು ಓಡಿಬಂದರು. ನಾಲ್ಕು ಹಣ್ಣಿಗೆ ಮೂರು ಮೀನು ಸಿಕ್ಕವು. ಆ ರಾತ್ರಿ ಅವ್ವ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು.

ಮುಂದಿನ ಭಾನುವಾರ ಎದ್ದಾಗ ಮಂಚ ಖಾಲಿಯಿತ್ತು. ಬಚ್ಚಲಿಗೆ ಓಡಿದೆ, ಇಲ್ಲ. ವಾಕರ್ ಇದ್ದಲ್ಲೇ ಇತ್ತು, ಟವೆಲ್ ಸಮೇತ. ಮೂಲೆಯ ಬಿದಿರು ಕೋಲು ಮಾತ್ರ ಇರಲಿಲ್ಲ.

ಬರಿಗಾಲಲ್ಲಿ ಓಡಿದೆ. ಹಸಿ ಬದುವಿನ ಮೇಲೆ ಅವಳ ಹೆಜ್ಜೆ, ಹೆಜ್ಜೆಯ ಪಕ್ಕ ಕೋಲು ಊರಿದ ದುಂಡನೆಯ ತೂತು, ಅತ್ತಿಮರದ ತನಕ. ಅವ್ವ ಮೊಣಕೈವರೆಗೆ ಕೆಸರಾಗಿ ಕೂತಿದ್ದಳು, ಎರೆ ಕಟ್ಟಿ ಆಗಿತ್ತು.

"ಅಲ್ಲೇ ನಿಂದ್ರು," ಅಂದಳು. "ಕೈ ಹಿಂದಕ್ಕ ಕಟ್ಟಿಕೊ."

ಸಂತೋಷಕ್ಕೆ ನನಗೆ ಅಳುವೇ ಬಂತು. ಕಣ್ಣೊರೆಸಿಕೊಳ್ಳಲೂ ಕೈ ಮುಂದೆ ತರಲಿಲ್ಲ.