ಅವರ ಮೂಗಿನ ಹೆಸರು

ಬೆಳಿಗ್ಗೆಯಿಂದ ನಮ್ಮ ವಿಕ್ರೋಳಿಯ ಚಾಳಿನ ಮುಂದೆ ರಸ್ತೆ ಒಡೆಯುತ್ತಿದ್ದಾರೆ. ಎಲ್ಲರೂ ಸೆರಗಿನಿಂದ, ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಬೈಯುತ್ತಿದ್ದಾರೆ. ನನಗೆ ಮಾತ್ರ ಒಡೆದ ಕಲ್ಲಿನ ವಾಸನೆ ಹಿತ. ನೀವು ಹೂವಿನ ವಾಸನೆಗೆ ಯಾರನ್ನೋ ನೆನೆಯುತ್ತೀರಿ. ಬಾಂದ್ರಾದ ಸಮುದ್ರದ ದಡದಲ್ಲಿ ಹನ್ನೊಂದು ವರ್ಷ ಕಲ್ಲು ಹೊತ್ತ ನಾನು ಈ ವಾಸನೆಗೆ ನಮ್ಮವರನ್ನು, ನನ್ನ ಗಂಡನನ್ನು, ನೆನೆಯುತ್ತೇನೆ.

ನಮ್ಮವರ ಮೂಗು ದೊಡ್ಡದು. ಬಾಗಿಲಿಗೆ ಮೊದಲು ಮೂಗು ಬರುತ್ತಿತ್ತು, ಆಮೇಲೆ ಅವರು. ನಾವು ಕೆಲಸ ಮಾಡುವಲ್ಲಿ ಗುಡ್ಡದ ತುದಿಯೊಂದು ಸಮುದ್ರದೊಳಗೆ ಚಾಚಿತ್ತು. ನಡುವೆ ಉಬ್ಬು, ಕೊನೆಗೆ ಕೆಳಗೆ ಬಾಗು. ವಿಜಯಪುರದ ಕಡೆಯಿಂದ ಬಂದ ನಮ್ಮ ಗ್ಯಾಂಗಿನವರು ಅದಕ್ಕೆ ನಮ್ಮವರ ಹೆಸರು ಸೇರಿಸಿ, ಇಂಥವನ ಮೂಗು ಎಂದು ಕರೆದರು. ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಕರೆದರು. ಹೆಂಡತಿಯ ಬಾಯಲ್ಲಿ ಹೆಸರು ಬಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆ ಹೇಳಿದ್ದಳು. ರೇಷನ್ ಕಾರ್ಡಿನ ಆಫೀಸಿನಲ್ಲಿ ಸಾಹೇಬ ಗಂಡನ ಹೆಸರು ಕೇಳಿದಾಗಲೂ ನಾನು ಬಾಯಿ ಬಿಡಲಿಲ್ಲ. ಹಿಂದೆ ನಿಂತಿದ್ದ ಗೆಳತಿ ಯಲ್ಲವ್ವ ಹೆಸರು ಹೇಳಿ, "ಇಕಿ ಗಂಡಗ ನಾನ ಹೆಸರ ಇಟ್ಟಂಗಾತು ನೋಡ್ರಿ!" ಎಂದು ಸಾಲನ್ನೆಲ್ಲ ನಗಿಸಿದಳು.

ಬಾಯಿಗೆ ಹೆಸರು ಬರದಂತೆ ನಾನು ಅಷ್ಟು ಕಾಯ್ದುಕೊಂಡರೂ ಅವರು ಹೋದರು. ಯಲ್ಲವ್ವನೂ ಹೋದಳು. ಗ್ಯಾಂಗಿನಲ್ಲಿ ಈಗ ಉಳಿದವಳು ನಾನೊಬ್ಬಳೇ.

ಹೋದ ತಿಂಗಳು ನನ್ನನ್ನು ಹುಡುಕಿಕೊಂಡು ಕಾಲೇಜಿನ ಹುಡುಗಿಯೊಬ್ಬಳು ಬಂದಳು. ಮನೆಯವರು ಮೈಸೂರಿನವರಂತೆ, ಅವಳ ಕನ್ನಡ ಮಾತ್ರ ಲೋಕಲ್ ರೈಲಿನಿಂದ ಇಳಿಯುವ ಜನರ ಹಾಗೆ ತಳ್ಳಾಡಿಕೊಂಡು ಬರುತ್ತಿತ್ತು. ದಡದ ಗುಡ್ಡ, ಬಂಡೆ, ತುದಿಗಳನ್ನು ಜನ ಏನೆಂದು ಕರೆಯುತ್ತಾರೆ ಎಂದು ಪಟ್ಟಿ ಮಾಡುತ್ತಿದ್ದಳು. ರಿಕ್ಷಾದಲ್ಲಿ ನನ್ನನ್ನು ಬಾಂದ್ರಾಕ್ಕೆ ಕರೆದೊಯ್ದು, ಆ ತುದಿ ತೋರಿಸಿ ಫೋನು ಹಿಡಿದಳು.

"ಅಜ್ಜಿ, ಇದಕ್ಕೆ ಏನಂತ ಕರೀತಿದ್ರಿ?"

"ನಮ್ಮನಿಯವರ ಮೂಗು."

"ಅವರ ಹೆಸರು?"

"ಅದನ್ನ ನಾ ಹೇಳಂಗಿಲ್ಲ, ಯವ್ವಾ."

"ಅರೇ ಅಜ್ಜಿ, ಇಲ್ಲಿ ಹುಡುಗರು ಸೆಲ್ಫಿ ಪಾಯಿಂಟ್ ಅಂತಾರೆ. ನೀವು ಹೇಳಿಲ್ಲಾಂದ್ರೆ ಪಟ್ಟೀಲಿ ಅದೇ ಹೋಗತ್ತೆ. ಗೊತ್ತಿರೋರು ಬೇರೆ ಯಾರೂ ಇಲ್ಲ ನಾ?"

ನನಗೆ ಮೈ ಉರಿಯಿತು. ಆದರೂ ಜಾಣತನ ಮಾಡಿದೆ. ಮುದುಕಿಯಾದ ಮೇಲೆ ನಾನು ನಾಲ್ಕು ಅಕ್ಷರ ಕಲಿತಿದ್ದೇನೆ. ಹೆಸರು ಬರೆಯಬಾರದು ಎಂದು ಅತ್ತೆ ಹೇಳಿರಲಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಬೆವರು ಸುರಿಸಿ ಬರೆದುಕೊಟ್ಟೆ. ಅವಳು ಅದನ್ನು ಹಾಗೆ ತಿರುಗಿಸಿದಳು, ಹೀಗೆ ತಿರುಗಿಸಿದಳು.

"ಸಾರಿ ಅಜ್ಜಿ, ನಂಗೆ ಕನ್ನಡ ಓದೋಕೆ ಬರಲ್ಲ. ನೀವೇ ಓದಿ, ಪ್ಲೀಸ್."

"ಮತ್ತ ಕಾಲೇಜಿನ್ಯಾಗ ಏನ ಕಲೀತಿ?"

ತುದಿಯ ಮೇಲೆ ಜೋಡಿಯೊಂದು ಫೋಟೋ ತೆಗೆದುಕೊಳ್ಳುತ್ತಿತ್ತು. ನಮ್ಮವರ ಮೂಗಿನ ಮೇಲೆ ನಿಂತು ಸೆಲ್ಫಿ! ಹೋದವರ ಆಯುಷ್ಯದಲ್ಲಿ ಇನ್ನು ಕಡಿಮೆಯಾಗಲು ಏನು ಉಳಿದಿದೆ? ಕೆಮ್ಮಿ ಗಂಟಲು ಸರಿಮಾಡಿಕೊಂಡು ಕೂಗಿದೆ:

"ಭೀಮಪ್ಪನ ಮೂಗು!"

ಜೋಡಿ ಬೆಚ್ಚಿ ತಿರುಗಿತು. ಹುಡುಗಿ, "ಗಾಳಿ ಸೌಂಡ್ ಬಂತು ಅಜ್ಜಿ, ಇನ್ನೊಂದ್ಸಲ" ಎಂದಳು. ಒಟ್ಟು ನಾಲ್ಕು ಸಲ ಕೂಗಿದೆ. ಕೊನೆಯ ಎರಡು ಸಲ ಕೂಗು ಎಂದು ಅವಳು ಹೇಳಿರಲಿಲ್ಲ.

ಹೊರಗೆ ಈಗ ರಸ್ತೆ ಒಡೆಯುವ ಮಷೀನಿನ ಸದ್ದು ನಿಂತಿದೆ. ಧೂಳೆಲ್ಲ ಒಳಗೆ ಬಂದು, ಗೋಡೆಯ ಮೇಲಿನ ನಮ್ಮವರ ಫೋಟೋದ ಮೇಲೆ ಕೂತಿದೆ. ಒದ್ದೆ ಬಟ್ಟೆ ತಂದು ಸ್ಟೂಲು ಹತ್ತಿದೆ.

"ಭೀಮಪ್ಪಾ," ಎಂದೆ, "ಸುಮ್ನ ನಿಂದರು, ಮೂಗ ಒರಸ್ತೀನಿ."